ಲಿಬಿಯಾವನ್ನು ಉಳಿಸಿದ ಒಂದು ಮತ

ಉಮರ್ ಮುಖ್ತಾರ್‌ರ ಹೆಸರು ಜುಮಾ ಖುತ್ಬಾಗಳಲ್ಲಿ ಆಗಾಗ ಕೇಳಿಬರುತ್ತದೆ. ಮಕ್ಕಳಿಗೆ ಕುರ್‌ಆನ್ ಕಲಿಸುತ್ತಿದ್ದ ಅವರು, 1911ರಲ್ಲಿ ಇಟಲಿ ಲಿಬಿಯಾದ ಮೇಲೆ ದಂಡೆತ್ತಿ ಬಂದಾಗ ಬಂದೂಕು ಹಿಡಿದರು. ಇಪ್ಪತ್ತು ವರ್ಷಗಳ ಹೋರಾಟದ ಬಳಿಕ ಸೆರೆಸಿಕ್ಕಿದ ಆ ವೃದ್ಧರನ್ನು 1931ರ ಸೆಪ್ಟೆಂಬರ್ 16ರಂದು ಸುಲೂಕ್‌ನಲ್ಲಿ, ಬಂಧಿತ ಜನರ ಕಣ್ಣೆದುರೇ ಗಲ್ಲಿಗೇರಿಸಲಾಯಿತು. ಸಾಮಾನ್ಯವಾಗಿ ನಮ್ಮ ಮಾತು ಇಲ್ಲಿಗೇ ನಿಲ್ಲುತ್ತದೆ. ಲಿಬಿಯಾ ಸ್ವತಂತ್ರವಾಗಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು.

ಎರಡನೇ ಮಹಾಯುದ್ಧದಲ್ಲಿ ಇಟಲಿ ಸೋತಿತು. ಆ ಯುದ್ಧದಲ್ಲಿ ನಮ್ಮ ಊರಿನವರ ಪಾಲೂ ಇದೆ. ಗರುಡಾಚಾರ್‌ಪಾಳ್ಯದಲ್ಲಿ ಮೆಟ್ರೋ ಹತ್ತಿದರೆ ಹಲಸೂರು ಸಿಗುತ್ತದಲ್ಲ, ಅಲ್ಲಿಯ ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ ಯೋಧರು 4ನೇ ಇಂಡಿಯನ್ ಡಿವಿಷನ್ ಜೊತೆ ಉತ್ತರ ಆಫ್ರಿಕದಲ್ಲಿ ಕಾದಿದ್ದರು. ಆದರೆ ಗೆದ್ದವರು ಲಿಬಿಯಾವನ್ನು ಲಿಬಿಯಾದವರಿಗೆ ಬಿಟ್ಟುಕೊಡಲಿಲ್ಲ.

1949ರಲ್ಲಿ ಬ್ರಿಟನ್ ಮತ್ತು ಇಟಲಿಯ ವಿದೇಶಾಂಗ ಮಂತ್ರಿಗಳಾದ ಬೆವಿನ್, ಸ್ಫೋರ್ಜಾ ಒಂದು ಯೋಜನೆ ಹೆಣೆದರು. ಸಿರೆನೈಕಾ ಬ್ರಿಟನ್ನಿಗೆ, ಫೆಝಾನ್ ಫ್ರಾನ್ಸಿಗೆ, ಟ್ರಿಪೋಲಿ ಪ್ರಾಂತ ಮತ್ತೆ ಅದೇ ಇಟಲಿಗೆ! ಟ್ರಿಪೋಲಿಯ ಜನ ಬೀದಿಗಿಳಿದರು. ಮೇ ತಿಂಗಳಲ್ಲಿ ವಿಶ್ವಸಂಸ್ಥೆಯಲ್ಲಿ ಮತದಾನವಾಯಿತು. ಇಟಲಿಯ ಬಾಬತ್ತಿಗೆ ಪರವಾಗಿ 33, ವಿರುದ್ಧವಾಗಿ 17 ಮತ ಬಿದ್ದವು. ಮೂರನೇ ಎರಡು ಬಹುಮತಕ್ಕೆ ಒಂದೇ ಮತ ಕಡಿಮೆ. ವಿರೋಧಿಸಿದವರಲ್ಲಿ ಹೈಟಿಯ ಪ್ರತಿನಿಧಿ ಎಮಿಲ್ ಸೇಂಟ್ ಲೋ ಒಬ್ಬರು. ಗುಲಾಮರೇ ದಂಗೆಯೆದ್ದು 1804ರಲ್ಲಿ ಕಟ್ಟಿದ ದೇಶ ಹೈಟಿ. ಮುಸ್ಲಿಮ್ ದೇಶವೂ ಅಲ್ಲ, ಅರಬ್ ದೇಶವೂ ಅಲ್ಲ. ಆ ಬಾಬತ್ತು ಬಿದ್ದ ಮೇಲೆ ಇಡೀ ಯೋಜನೆಯೇ ಕುಸಿಯಿತು.

ಅದೇ ವರ್ಷ ನವೆಂಬರ್ 21ರಂದು, 1952ರ ಜನವರಿ 1ರೊಳಗೆ ಲಿಬಿಯಾ ಸ್ವತಂತ್ರವಾಗಬೇಕೆಂಬ ನಿರ್ಣಯ 48 ಮತಗಳಿಂದ ಅಂಗೀಕಾರವಾಯಿತು. ಭಾರತವೂ ಪರವಾಗಿತ್ತು. ಆಗ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್, ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು. ಲಿಬಿಯಾದ ಸಂವಿಧಾನವನ್ನೂ ಅಲ್ಲಿಯ ಜನರ ಪ್ರತಿನಿಧಿಗಳೇ ಕೂತು ರೂಪಿಸಬೇಕೆಂದು ನಿರ್ಣಯದಲ್ಲಿತ್ತು.

ಮೂರು ಪ್ರಾಂತಗಳಿಂದ ತಲಾ 20ರಂತೆ 60 ಮಂದಿಯ ಸಭೆ ಸೇರಿತು. ಜನಸಂಖ್ಯೆ ಹೆಚ್ಚಿದ್ದ ಟ್ರಿಪೋಲಿಯವರಲ್ಲಿ ಹಲವರಿಗೆ ಈ ಸಮಪಾಲು ಹಿಡಿಸಲಿಲ್ಲ. ಅವರ ಆಕ್ಷೇಪದಲ್ಲಿ ನ್ಯಾಯವಿತ್ತು. ಆದರೂ 1951ರ ಡಿಸೆಂಬರ್ 24ರಂದು ಬೆಂಗಾಝಿಯಲ್ಲಿ ದೊರೆ ಇದ್ರೀಸ್ ಸ್ವಾತಂತ್ರ್ಯ ಘೋಷಿಸಿದರು. ಬ್ರಿಟನ್ ಮತ್ತು ಅಮೆರಿಕದ ಸೇನಾ ನೆಲೆಗಳು ಮಾತ್ರ 1970ರವರೆಗೆ ಅಲ್ಲೇ ಉಳಿದವು.