ಹಳೆ ಕಂಪ್ಯೂಟರು, ಹೊಸ ಎಫೆಕ್ಟು: ‘ನಡಿಯಂಗಿಲ್ಲ’ ಅಂತ ಹೇಳೋರು ಯಾರು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ, ಇಂಟೆಲ್‌ನಲ್ಲಾದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರೇ ಇರಬೇಕು, ಅಂದರೆ 2017ರಿಂದ ಈಚಿನದು. ರಾಯಚೂರಿನ ತರಬೇತಿ ಕೇಂದ್ರಗಳಲ್ಲಿ, ದೇವದುರ್ಗ, ಮಾನ್ವಿಯ ಝೆರಾಕ್ಸ್ ಅಂಗಡಿಗಳಲ್ಲಿ ನಾನು ನೋಡಿರುವ ಯಂತ್ರಗಳಲ್ಲಿ ಅದಕ್ಕೂ ಹಿಂದಿನವೇ ಜಾಸ್ತಿ. ರಿಪೇರಿಗೆ ಒಯ್ದರೆ ಉತ್ತರ ಒಂದೇ: “ಹಳೇದಾಗ್ಯಾದ್ರಿ, ನಡಿಯಂಗಿಲ್ಲ.” ನೆರಳು, ಪಾರದರ್ಶಕ ವಿಂಡೋ, ಝೂಮ್‌ನಂಥ ಎಫೆಕ್ಟುಗಳ ಮಾತೆತ್ತಿದರಂತೂ ನಗ್ತಾರೆ. ಈ ‘ನಡಿಯಂಗಿಲ್ಲ’ದಲ್ಲಿ ಚಿಪ್ಪಿನ ನಿಜವಾದ ಮಿತಿ ಎಷ್ಟು, ಬೇರೆಯವರ ತೀರ್ಮಾನ ಎಷ್ಟು?

ಹಿಂದೆ ಪ್ರತಿ ಪ್ರೋಗ್ರಾಂ ನೇರವಾಗಿ ಪರದೆ ಮೇಲೇ ಬರೀತಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ ಹ್ಯಾಂಗ್ ಆದ ವಿಂಡೋ ಮೇಲೆ ಇನ್ನೊಂದನ್ನು ಎಳೆದಾಡಿದರೆ ಗುರುತು ಸಾಲುಸಾಲಾಗಿ ಉಳೀತಿದ್ದದ್ದು ಅದಕ್ಕೇ. ಈಗ ಪ್ರತಿ ವಿಂಡೋದ ಚಿತ್ರ ಮೆಮೊರಿಯಲ್ಲಿ ಬೇರೆಬೇರೆ ಇರುತ್ತೆ. ‘ಕಂಪೋಸಿಟರ್’ ಅನ್ನುವ ಪ್ರೋಗ್ರಾಂ ಗ್ರಾಫಿಕ್ಸ್ ಚಿಪ್ಪಿನಿಂದ ಅವನ್ನೆಲ್ಲ ಜೋಡಿಸಿ ಒಂದು ಪರದೆ ಮಾಡಿಸುತ್ತೆ. ಜೋಡಿಸುವಾಗಲೇ ನೆರಳು ಸೇರಿಸುತ್ತೆ, ಹಿಗ್ಗಿಸುತ್ತೆ, ಮಸುಕು ಮಾಡುತ್ತೆ.

ಇಂಟಿಗ್ರೇಟೆಡ್ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. ಪ್ರೊಸೆಸರ್ ಬಳಸುವ ರ‍್ಯಾಮನ್ನೇ ಅದೂ ಬಳಸಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಮಾನ್ವಿ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೇಲಿನವರು ಎತ್ತಿಕೊಂಡು ಉಳಿದದ್ದು ಕೆಳಗಿನವರಿಗೆ. ಆದರೆ ಲೆಕ್ಕ ಹಾಕಿ ನೋಡಿ. 1366×768ರ ಪರದೆಯ ಒಂದು ಚಿತ್ರ ಸುಮಾರು 4 ಎಂಬಿ. ಸೆಕೆಂಡಿಗೆ 60 ಸಲ ಬರೆದರೆ 252 ಎಂಬಿ. ಡಿಡಿಆರ್3-1333ರ ಒಂದೇ ರ‍್ಯಾಮ್ ಕಡ್ಡಿ ಸೆಕೆಂಡಿಗೆ ಸುಮಾರು 10.6 ಜಿಬಿ ಸಾಗಿಸಬಲ್ಲದು. ಅಂದರೆ ನೆರಳು, ಝೂಮ್ ಇದಕ್ಕೆ ಏನೇನೂ ಭಾರವಲ್ಲ. ಭಾರ ಆಗೋದು ಬ್ಲರ್, ಅಂದರೆ ಮಸುಕು. ಒಂದೊಂದು ಚುಕ್ಕಿಗೂ ಅಕ್ಕಪಕ್ಕದ ಹತ್ತಾರು ಚುಕ್ಕಿಗಳನ್ನು ಓದಬೇಕು. ಅದೊಂದನ್ನು ಆಫ್ ಮಾಡಿದರೆ ಅರ್ಧ ಸಮಸ್ಯೆ ಮುಗೀತು. ಒಂದು ಕಡ್ಡಿಯ ಜಾಗದಲ್ಲಿ ಒಂದೇ ಥರದ ಎರಡು ಕಡ್ಡಿ ಜೋಡಿಯಾಗಿ ಹಾಕಿದರೆ ಈ ಕಾಲುವೆಯ ಅಗಲ ಹೆಚ್ಚುಕಡಿಮೆ ಎರಡರಷ್ಟಾಗುತ್ತೆ. ನನ್ನ ಕೇಳಿದರೆ ಹಳೆ ಯಂತ್ರಕ್ಕೆ ಇದಕ್ಕಿಂತ ಅಗ್ಗದ ಔಷಧಿ ಇನ್ನೊಂದಿಲ್ಲ.

ಇನ್ನು ಬೇರೆಯವರ ತೀರ್ಮಾನದ ಕಥೆ. 2006ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ವಿಸ್ತಾಗೆ ಮೊದಲೇ ಕಂಪ್ಯೂಟರುಗಳ ಮೇಲೆ ‘ವಿಸ್ತಾ ಕೇಪಬಲ್’ ಸ್ಟಿಕ್ಕರ್ ಅಂಟಿಸಲು ಬಿಟ್ಟಿತು. ಇಂಟೆಲ್‌ನ 915 ಚಿಪ್‌ಸೆಟ್‌ಗೆ ವಿಸ್ತಾದ ಹೊಸ ಮಾದರಿಯ ಡ್ರೈವರೇ ಬರಲಿಲ್ಲ, ‘ಏರೋ’ ಎಫೆಕ್ಟುಗಳು ಅದರಲ್ಲಿ ಓಡುತ್ತಿರಲಿಲ್ಲ. ಆದರೂ ಸ್ಟಿಕ್ಕರ್ ಸಿಕ್ಕಿತು. 2007ರಲ್ಲಿ ಗ್ರಾಹಕರು ಅಮೆರಿಕದ ಸಿಯಾಟಲ್‌ನಲ್ಲಿ ಕೇಸು ಹಾಕಿದರು. ಮರುವರ್ಷ ಕಂಪನಿಯ ಒಳಗಿನ ಇಮೇಲ್‌ಗಳು ಹೊರಬಿದ್ದವು: ಇಂಟೆಲ್‌ನ ತ್ರೈಮಾಸಿಕ ಗಳಿಕೆಗೆ ನೆರವಾಗಲಿ ಅಂತ ಮಾನದಂಡ ಇಳಿಸಿದೆವು ಎಂದು ಒಬ್ಬ ಅಧಿಕಾರಿ ಬರೆದಿದ್ದ. ಇನ್ನೊಬ್ಬನ 2,100 ಡಾಲರ್ ಲ್ಯಾಪ್‌ಟಾಪ್ ಇಮೇಲ್ ನೋಡೋಕಷ್ಟೇ ಆಗಿತ್ತು. 2009ರಲ್ಲಿ ನ್ಯಾಯಾಲಯ ಈ ಕೇಸಿನ ಸಾಮೂಹಿಕ ದಾವೆಯ ಮಾನ್ಯತೆ ರದ್ದು ಮಾಡಿತು. ಅವತ್ತು ಆಗದ ಯಂತ್ರವನ್ನು ‘ಆಗುತ್ತೆ’ ಅಂದರು, ಇವತ್ತು ಆಗೋ ಯಂತ್ರವನ್ನು ‘ಆಗಲ್ಲ’ ಅಂತಿದ್ದಾರೆ.

ಲಿನಕ್ಸ್ ಕಡೆಯೂ ಪಟ್ಟಿಗಳಿದ್ದವು. 2007ರ ಅಕ್ಟೋಬರಿನ ಉಬುಂಟು 7.10ರಲ್ಲಿ ‘ಕಂಪಿಜ್’ ಎಫೆಕ್ಟುಗಳು ತಾವಾಗಿಯೇ ಆನ್ ಆಗಿ ಬಂದವು. ಇಂಟೆಲ್ 965ರ ಲ್ಯಾಪ್‌ಟಾಪುಗಳನ್ನು ಮಾತ್ರ ಹೊರಗಿಟ್ಟಿದ್ದರು, ಯಾಕಂದ್ರೆ ಎಫೆಕ್ಟ್ ಜೊತೆ ವಿಡಿಯೊ ಸರಿಯಾಗಿ ಓಡುತ್ತಿರಲಿಲ್ಲ. ಆದರೆ ಕಾರಣ ಬಹಿರಂಗವಾಗಿತ್ತು, ಸೆಟ್ಟಿಂಗ್ ಫೈಲಿನಲ್ಲಿ ‘ತಪಾಸಣೆ ಬಿಟ್ಟುಬಿಡು’ ಅಂತ ಒಂದು ಸಾಲು ಬರೆದರೆ ಅದೇ ಚಿಪ್ಪಿನಲ್ಲಿ ಎಫೆಕ್ಟ್ ಓಡುತ್ತಿತ್ತು. ವ್ಯತ್ಯಾಸ ಇಷ್ಟೇ, ತೀರ್ಮಾನವನ್ನು ಬಳಸುವವರು ಬದಲಿಸಬಹುದಿತ್ತು.

ಈಗ ಏನು ಮಾಡಬಹುದು? 965ರಿಂದ ಹಿಡಿದು 2013ರ 4ನೇ ತಲೆಮಾರಿನವರೆಗಿನ ಇಂಟೆಲ್ ಗ್ರಾಫಿಕ್ಸ್‌ಗೆ ಲಿನಕ್ಸ್‌ನಲ್ಲಿ ‘ಕ್ರೋಕಸ್’ ಅನ್ನುವ ಡ್ರೈವರ್ ಇದೆ. ಎಕ್ಸ್‌ಎಫ್‌ಸಿಇ ಅಥವಾ ಮಾಟೆ ಡೆಸ್ಕ್‌ಟಾಪ್ ಹಾಕಿ, ಮೊದಲು ಕಂಪೋಸಿಟರ್, ಆಮೇಲೆ ನೆರಳು, ಆಮೇಲೆ ಝೂಮ್, ಹೀಗೆ ಒಂದೊಂದಾಗಿ ಆನ್ ಮಾಡಿ. ಸಿಸ್ಟಂ ಮಾಹಿತಿಯಲ್ಲಿ ಗ್ರಾಫಿಕ್ಸ್ ಹೆಸರಿನ ಜಾಗದಲ್ಲಿ ‘ಎಲ್‌ಎಲ್‌ವಿಎಂಪೈಪ್’ ಅಂತ ಕಂಡರೆ ನಿಲ್ಲಿಸಿ: ಚಿಪ್ ಕೆಲಸ ಮಾಡ್ತಿಲ್ಲ, ಎಲ್ಲ ಭಾರ ಪ್ರೊಸೆಸರ್ ಮೇಲೆ ಬಿದ್ದಿದೆ. ಮೊದಲು ಡ್ರೈವರ್ ಸರಿ ಮಾಡಿಕೊಳ್ಳಿ.

965ಕ್ಕೂ ಹಿಂದಿನ ಜಿಎಂಎ 950ಕ್ಕೆ ಒಂದು ಗಟ್ಟಿ ಮಿತಿ ಇದೆ. ಅದು 2048 ಚುಕ್ಕಿಗಿಂತ ಅಗಲದ ಚಿತ್ರ ಹಿಡಿಯಲಾರದು. 1280 ಅಗಲದ ಲ್ಯಾಪ್‌ಟಾಪ್ ಪಕ್ಕಕ್ಕೆ 1024ರ ಪ್ರೊಜೆಕ್ಟರ್ ಜೋಡಿಸಿದರೆ 2304 ಆಯ್ತು, ಎಫೆಕ್ಟ್ ಬಿದ್ದುಹೋಯ್ತು. ಎರಡರಲ್ಲೂ ಒಂದೇ ಚಿತ್ರ ತೋರಿಸಿದರೆ ತೊಂದರೆ ಇಲ್ಲ. ಇದು ತರಗತಿಯ ವಿಷಯ. ಹಿಂದಿನ ಬೆಂಚಿನ ಮಗುವಿಗೆ, ಕಣ್ಣು ಮಂಜಾದ ಮೇಷ್ಟ್ರಿಗೆ ಝೂಮ್ ಎಫೆಕ್ಟ್ ಶೋಕಿಯಲ್ಲ.

ಡಿಟಿಪಿ ಅಂಗಡಿಯವರಿಗೆ ಈ ಸಲಹೆ ಹೊಂದಲ್ಲ. ಪೇಜ್‌ಮೇಕರ್, ಹಳೆ ನುಡಿ ಫಾಂಟಿನ ಫೈಲುಗಳು ಅವರನ್ನು ವಿಂಡೋಸ್‌ಗೇ ಕಟ್ಟಿಹಾಕಿವೆ. ಶಾಲೆಗಳ ಮಾತು ಬೇರೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕೇರಳದ ‘ಕೈಟ್’ ಸಂಸ್ಥೆ ಕೊಟ್ಟ, ಉಬುಂಟು ಆಧರಿಸಿದ ವ್ಯವಸ್ಥೆಯಲ್ಲೇ ಮಕ್ಕಳು ಕಲೀತಾರೆ. 371(ಜೆ) ಇರುವ ನಮ್ಮ ಜಿಲ್ಲೆಯಲ್ಲಿ ಹೊಸ ಕಂಪ್ಯೂಟರ್ ಟೆಂಡರ್ ಕರೆಯೋ ಮೊದಲು, ಗುಜರಿಗೆ ಹಾಕುವ ಪಟ್ಟಿಯಲ್ಲಿರುವ ಯಂತ್ರಗಳ ಚಿಪ್ ಯಾವುದು, ರ‍್ಯಾಮ್ ಕಡ್ಡಿ ಎಷ್ಟು ಅಂತ ಮಾಹಿತಿ ಹಕ್ಕಿನಡಿ ಯಾರಾದರೂ ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ.