ಮೋಟಾರ್ ಸೈಕಲ್ ಸ್ಥಿರತೆ

ಚಲಿಸುವ ದ್ವಿಚಕ್ರ ವಾಹನವು ಬೀಳದೆ, ಸವಾರ ಹಿಡಿದ ದಾರಿಯಲ್ಲೇ ಸಾಗುವ ಗುಣ. ಮುಂಚಕ್ರದ ಜೋಡಣೆಯ ಓರೆ, ಚಕ್ರಗಳ ತಿರುಗುವಿಕೆ, ತೂಕದ ಹಂಚಿಕೆ ಇದಕ್ಕೆ ಆಧಾರ. ಸ್ಥಿರತೆ ಕೆಟ್ಟಾಗ ಹ್ಯಾಂಡಲ್ ಸೆಕೆಂಡಿಗೆ ಹಲವು ಬಾರಿ ಅದುರಬಹುದು, ಅಥವಾ ಹೆಚ್ಚು ವೇಗದಲ್ಲಿ ಇಡೀ ಗಾಡಿ ಎಡಬಲಕ್ಕೆ ಓಲಾಡಬಹುದು. ಎರಡೂ ಅಪಾಯಕರ.

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಬೈಕು ಹೊರೆ ಸಾಗಿಸುವ ಗಾಡಿಯೂ ಹೌದು. ಹಾಲಿನ ಕ್ಯಾನು, ಹಸಿಹುಲ್ಲಿನ ಹೊರೆ, ಎಳನೀರು ಗೊನೆಗಳ ಭಾರ ಹಿಂಬದಿಗೆ ಬಿದ್ದಾಗ ಮುಂಚಕ್ರ ಹಗುರಾಗಿ ಹಿಡಿತ ಕುಗ್ಗುತ್ತದೆ. ಅರ್ಧ ತುಂಬಿದ ಕ್ಯಾನಿನಲ್ಲಿ ಹಾಲು ತುಳುಕುವುದೂ ಸಮತೋಲ ಕದಲಿಸುತ್ತದೆ. ಟ್ರ್ಯಾಕ್ಟರ್ ಚಕ್ರಗಳು ಗದ್ದೆಯಿಂದ ತಂದ ಕೆಸರು, ಉದುರಿದ ಕಬ್ಬಿನ ಜಲ್ಲೆ, ಒಕ್ಕಣೆಗೆ ರಸ್ತೆಯಲ್ಲಿ ಹರಡಿದ ಹುರುಳಿ ಜಾರಿಕೆಗೆ ಕಾರಣ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು ನಿಷಿದ್ಧವಾಗಿದ್ದು, ಬೈಕು ಸಂಚಾರ ಸರ್ವಿಸ್ ರಸ್ತೆಗಿಳಿದಿದೆ.

ಯಾಂತ್ರಿಕ ಕಾರಣಗಳಲ್ಲಿ ಸವೆದ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಪ್ರಮುಖ: ಮುಂಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುವೆ ಕಚ್ಚಿದಂತಾದರೆ ಅದನ್ನು ಬದಲಿಸಬೇಕು. ಹಿಂಚಕ್ರ ಪಕ್ಕಕ್ಕೆ ಅಲುಗಿದರೆ ಬೇರಿಂಗ್ ಅಥವಾ ಸ್ವಿಂಗ್ ಆರ್ಮ್ ಬುಷ್ ಸವೆದಿರುತ್ತದೆ. ಸಡಿಲ ಕಡ್ಡಿ, ವಕ್ರವಾದ ರಿಮ್, ಸೋರುವ ಫೋರ್ಕ್, ಓರೆ ಕೂತ ಹಿಂಚಕ್ರ ಇತರ ದೋಷಗಳು. ಗಾಳಿಯ ಒತ್ತಡವನ್ನು ಟೈರ್ ತಣ್ಣಗಿರುವಾಗ ಅಳೆಯಬೇಕು. ಅತಿ ಅಗ್ಗದ, ಅತಿ ನಿರ್ಲಕ್ಷಿತ ನಿರ್ವಹಣೆ ಇದೇ.

ಹ್ಯಾಂಡಲ್ ಅದುರಿದಾಗ ಗಟ್ಟಿಯಾಗಿ ಬ್ರೇಕ್ ಒತ್ತದೆ, ಮೆಲ್ಲಗೆ ವೇಗ ಇಳಿಸುವುದು ಸರಿಯಾದ ಕ್ರಮ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಕಡ್ಡಾಯವಾದ ಎಬಿಎಸ್, ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗುವುದನ್ನಷ್ಟೇ ತಡೆಯುತ್ತದೆ. ಸಡಿಲ ಬೇರಿಂಗನ್ನು ಸರಿಪಡಿಸದು.