ನ್ಯೂಟ್ರಲ್ ಹುಡುಕಿದ ಕತೆ

ಗಾಡಿ ಓಡಿಸುವುದಕ್ಕಿಂತ ನಿಲ್ಲಿಸುವುದೇ ಕಷ್ಟ ಎಂದು ನನಗೆ ತಿಳಿದದ್ದು 1987ರಲ್ಲಿ, ನಮ್ಮೂರಿನ ರೈಲ್ವೆ ಗೇಟಿನ ಮುಂದೆ.

ಆ ವರ್ಷ ನಮ್ಮವರು ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಮೂರು ತಿಂಗಳು ಪ್ಲಾಸ್ಟರ್. ನಾನು ಪಾಠ ಹೇಳುತ್ತಿದ್ದ ಶಾಲೆ ಊರಿನಿಂದ 14 ಕಿಲೋಮೀಟರ್ ದೂರ. ಬೆಳಗಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದುವರೆಗೆ ನಮ್ಮವರ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಹೋಗುತ್ತಿದ್ದೆ. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಒಂದೇ ವಾರದಲ್ಲಿ ಮೂರು ದಿನ ತಡವಾದಾಗ, "ಹೀಗಾದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತೆ" ಎಂಬ ಮಾತು ಕಿವಿಗೆ ಬಿತ್ತು. ಮನೆಯಲ್ಲಿ ಮಲಗಿದ ಗಂಡ, ಎರಡು ಮಕ್ಕಳು, ವಯಸ್ಸಾದ ಅತ್ತೆ. ನನ್ನ ಸಂಬಳ ನಿಂತರೆ ಒಲೆಯೂ ನಿಲ್ಲುತ್ತಿತ್ತು.

ಎಲ್‌ಎಲ್‌ಆರ್ ಮಾಡಿಸಿಕೊಂಡೆ. ಮೈದುನ ಹೈಸ್ಕೂಲು ಮೈದಾನದಲ್ಲಿ ಕಲಿಸಿದ. ತಂಗಿಯ ಚೂಡಿದಾರ್ ತೊಟ್ಟು ಹೊರಟರೆ ಅತ್ತೆ ಮುಖ ತಿರುಗಿಸಿಕೊಂಡರು, ಆದರೂ ಬುತ್ತಿಯ ಡಬ್ಬಿ ಮಾತ್ರ ತಪ್ಪದೆ ಕೈಗಿಟ್ಟರು. ಸೀರೆ ಚೀಲದಲ್ಲಿ, ಶಾಲೆಯ ಸಾಮಾನಿನ ಕೋಣೆಯಲ್ಲಿ ಉಟ್ಟುಕೊಳ್ಳುವುದು.

ಐದನೆಯ ದಿನ ಗೇಟು ಹಾಕಿತ್ತು. ಸಾಲಿನಲ್ಲಿ ನಾನೇ ಮೊದಲು. ಗಾಡಿ ನಿಲ್ಲಿಸಿದೆ, ನ್ಯೂಟ್ರಲ್ ಬೀಳಲೊಲ್ಲದು. ಮೇಲೆತ್ತಿದರೆ ಎರಡನೇ ಗೇರು, ತುಳಿದರೆ ಒಂದನೇ ಗೇರು. ನಡುವೆ ಇರಬೇಕಾದದ್ದು ಎಲ್ಲಿ ಅಡಗಿತ್ತೋ! ಕ್ಲಚ್ ಹಿಡಿದ ಎಡಗೈ ನಡುಗತೊಡಗಿತು. ಬಂದದ್ದು ಗೂಡ್ಸ್ ಗಾಡಿ, ಮುಗಿಯುವುದೇ ಇಲ್ಲ. ಕೊನೆಗೆ ಬೆರಳು ಸೋತವು. ಗಾಡಿ ಒಮ್ಮೆ ಮುಂದಕ್ಕೆ ಹಾರಿ, ಗೇಟಿನ ಕಂಬಿಗೆ ತಾಗಿ, ಆಫ್ ಆಯಿತು. ಹಿಂದಿನ ಲಾರಿಯಿಂದ ಒಬ್ಬ, "ಗಂಡಸರ ಗಾಡಿ ನಿಮಗ್ಯಾಕಮ್ಮಾ?" ಎಂದ. ಸುತ್ತಲಿದ್ದವರೆಲ್ಲ ನಕ್ಕರು. ಆ ದಿನ ಮಕ್ಕಳಿಗೆ ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಸಂಜೆ ನೌಕರಿ ಬಿಟ್ಟುಬಿಡೋಣ ಎಂದುಕೊಂಡೇ ಗಾಡಿಯನ್ನು ಗ್ಯಾರೇಜಿಗೆ ಒಯ್ದೆ.

ಗ್ಯಾರೇಜಿನ ಮೇಸ್ತ್ರಿ ನಗಲಿಲ್ಲ. ಕ್ಲಚ್ ಕೇಬಲ್ ಮುಟ್ಟಿ ನೋಡಿ, "ಸಡಿಲ ಆಗಿದೆ ಟೀಚರಮ್ಮಾ" ಎಂದ. ಒಂದಕ್ಕೂ ಎರಡಕ್ಕೂ ನಡುವೆ ಅರ್ಧ ಹೆಜ್ಜೆಯಷ್ಟು ಜಾಗದಲ್ಲಿ ನ್ಯೂಟ್ರಲ್ ಇರುತ್ತದಂತೆ. ಕಾಲು ಸ್ವಲ್ಪ ಜೋರಾದರೆ ದಾಟಿಹೋಗುತ್ತದೆ. ಕೇಬಲ್ ಸಡಿಲವಾದರೆ ಕ್ಲಚ್ಚಿನ ತಟ್ಟೆಗಳು ಬಿಸಿ ಚಪಾತಿಗಳಂತೆ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಎಂಜಿನ್ ತಳ್ಳುತ್ತಲೇ ಇರುತ್ತದೆ, ಗೇರಿನ ಹಲ್ಲು ಕಚ್ಚಿದ್ದನ್ನು ಬಿಡುವುದಿಲ್ಲ. "ಪೂರ್ತಿ ನಿಂತಮೇಲೆ ಹುಡುಕಬೇಡಿ. ಗಾಡಿ ಇನ್ನೂ ಉರುಳ್ತಾ ಇರೋವಾಗಲೇ, ಎರಡನೇ ಗೇರಿಂದ ಮೆತ್ತಗೆ ಹಾಕಿ" ಎಂದು ಹೇಳಿಕೊಟ್ಟ.

ಅಷ್ಟಕ್ಕೇ ಬಿಡಲಿಲ್ಲ. ರಿಪೇರಿಗೆ ಬಂದಿದ್ದ ಬುಲೆಟ್ಟಿನ ಹತ್ತಿರ ಕರೆದು, ಬಲಗಡೆ ಗೇರಿನ ಪಕ್ಕದಲ್ಲಿದ್ದ ಇನ್ನೊಂದು ಪುಟ್ಟ ಲಿವರ್ ತೋರಿಸಿದ. ಒಂದನೇ ಗೇರು ಬಿಟ್ಟು ಬೇರೆ ಯಾವ ಗೇರಿನಲ್ಲಿದ್ದರೂ ಹಿಮ್ಮಡಿಯಿಂದ ಅದನ್ನು ಒತ್ತಿದರೆ ಸಾಕು, ನೇರ ನ್ಯೂಟ್ರಲ್. "ಮೀಸೆ ಇರೋರಿಗೂ ಸಿಗ್ತಾ ಇರಲಿಲ್ಲ ಅಂತ ತಾನೇ ಇದನ್ನ ಇಟ್ಟಿರೋದು?" ಎಂದ.

ಆ ಒಂದು ಮಾತು ನನ್ನ ನೌಕರಿ ಉಳಿಸಿತು. ಇತಿಹಾಸದ ಪಾಠ ಹೇಳುವವಳಾದ್ದರಿಂದ ಆಮೇಲೆ ಈ ನ್ಯೂಟ್ರಲ್ಲಿನ ಬೆನ್ನು ಹತ್ತಿದೆ. ಬುಲೆಟ್ ಇಂಗ್ಲೆಂಡಿನಲ್ಲಿ ಹುಟ್ಟಿ 1955ರಲ್ಲಿ ಮದರಾಸಿಗೆ ಬಂದ ಗಾಡಿ. ನಮ್ಮ ಸೈನ್ಯದವರೂ ಪೊಲೀಸರೂ ಅದನ್ನೇ ಓಡಿಸಿದರು. ಅಂಥ ಗಟ್ಟಿ ಆಳುಗಳ ಗಾಡಿಗೇ ನ್ಯೂಟ್ರಲ್ ಹುಡುಕಲೆಂದು ಬೇರೆ ಲಿವರ್ ಇತ್ತು ಎಂದಮೇಲೆ, ಗೇಟಿನ ಮುಂದೆ ನಾನು ಪಟ್ಟ ಪಾಡು ಹೆಂಗಸಿನ ಪಾಡಲ್ಲ, ಯಂತ್ರದ ಹಳೆಯ ಚಾಳಿ!

ನಮ್ಮ ಮೈಸೂರಿನದೂ ಒಂದು ಅಧ್ಯಾಯವಿದೆ. ಜೆಕೊಸ್ಲೊವಾಕಿಯಾದ ಜಾವಾ 1960ರ ದಶಕದ ಆರಂಭದಲ್ಲಿ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಅದರಲ್ಲಿ ಗೇರು ಹಾಕುವ ಲಿವರ್ರೇ ಕಿಕ್ ಹೊಡೆಯುವ ಲಿವರ್ ಕೂಡ. ಗೇರು ತುಳಿದರೆ ಕ್ಲಚ್ ತಾನಾಗಿಯೇ ಬಿಡುತ್ತಿತ್ತು, ಕೈಗೆ ಅಷ್ಟು ಕೆಲಸ ಕಡಿಮೆ. ಮುಂದೆ ಯೆಜ್ಡಿ ಎಂಬ ಹೆಸರಿನಲ್ಲಿ ಗಾಡಿಗಳನ್ನು ಮಾಡಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು.

ಇಟಲಿಯವರು ಬೇರೆ ದಾರಿ ಹಿಡಿದಿದ್ದರು. ವಿಮಾನಗಳ ಎಂಜಿನಿಯರಾಗಿದ್ದ ಕೊರಾಡಿನೊ ದಸ್ಕಾನಿಯೊ 1946ರ ವೆಸ್ಪಾ ಸ್ಕೂಟರಿನಲ್ಲಿ ಗೇರನ್ನು ಕಾಲಿನಿಂದ ತೆಗೆದು ಎಡಗೈಗೆ ಕೊಟ್ಟರು. ಲಂಗ ತೊಟ್ಟವರೂ ಹತ್ತುವ ಹಾಗೆ ಮುಂದೆ ಜಾಗ ಬಿಟ್ಟರು. 1972ರಲ್ಲಿ ಬಂದ ನಮ್ಮ ಬಜಾಜ್ ಚೇತಕ್ಕಿನದೂ ಅದೇ ಗೇರು. ಹಿಡಿಯ ಪಕ್ಕದ ಗುರುತು ನೋಡಿ ತಿರುಗಿಸಿದರಾಯಿತು. ನ್ಯೂಟ್ರಲ್ ಕಣ್ಣಿಗೇ ಕಾಣುತ್ತಿತ್ತು. 1985ರ ಹೀರೋ ಹೋಂಡಾದಲ್ಲಿ ನ್ಯೂಟ್ರಲ್ಲನ್ನು ನಡುವಿನಿಂದ ತೆಗೆದು ಒಂದನೇ ಗೇರಿಗಿಂತ ಮೊದಲು ಇಟ್ಟರು. ಅರ್ಧ ಹೆಜ್ಜೆಯ ಕಾಟವೇ ತಪ್ಪಿತು.

ಕೊನೆಗೆ ಗೇರೇ ಬೇಡವೆಂದರು. 1972ರ ಲೂನಾ, 1984ರ ಕೈನೆಟಿಕ್ ಹೋಂಡಾ, 2001ರ ಆಕ್ಟಿವಾ. "ಲೇಡೀಸ್ ಗಾಡಿ" ಎಂದು ಇವನ್ನು ಹಾಸ್ಯ ಮಾಡಿದವರು ಬಹಳ. ಇವತ್ತು ಹಾಲಿನವರು, ಬ್ಯಾಂಕಿನವರು, ನಿವೃತ್ತ ಮೇಷ್ಟ್ರುಗಳು ಎಲ್ಲರೂ ಅದರ ಮೇಲೆಯೇ. ಸುಲಭವಾದದ್ದು ಹೆಂಗಸರಿಗೆ, ಕಷ್ಟವಾದದ್ದು ಗಂಡಸರಿಗೆ ಎಂಬ ಲೆಕ್ಕ ನಮ್ಮ ಬೀದಿಗಳಲ್ಲೇ ಸುಳ್ಳಾಯಿತು. ನೀವೂ ಸಂಜೆ ನಿಮ್ಮ ಬಾಗಿಲಲ್ಲಿ ನಿಂತು ನೋಡಿ, ಗೊತ್ತಾಗುತ್ತದೆ.

ಆಮೇಲೆ ನಾನು ಒಂದು ದಿನವೂ ತಡವಾಗಿ ಹೋಗಲಿಲ್ಲ. ಮರುವರ್ಷ ನೌಕರಿ ಕಾಯಂ ಆಯಿತು.

ಪ್ಲಾಸ್ಟರ್ ಬಿಚ್ಚಿ, ಕಾಲಿಗೆ ಬಲ ಬಂದಮೇಲೆ ನಮ್ಮವರು ಮೊದಲ ಸಲ ಗಾಡಿ ತೆಗೆದರು. ನಾನು ಮತ್ತೆ ಹಿಂದೆ ಕೂತೆ. ಅವತ್ತೂ ಗೇಟು ಹಾಕಿತ್ತು. ಅವರು ಗಾಡಿ ನಿಲ್ಲಿಸಿ, ತುಳಿದರು, ಎತ್ತಿದರು, ಮತ್ತೆ ತುಳಿದರು. ಕೈ ಬಿಗಿಯಿತು, ಕಿವಿ ಕೆಂಪಾಯಿತು.

"ರೀ, ನಿಲ್ಲೋಕೆ ಮುಂಚೇನೇ ಹಾಕ್ಬೇಕು" ಎಂದೆ, ಮೆಲ್ಲಗೆ.

ಅವರು ಮಾತಾಡಲಿಲ್ಲ. ಮರುದಿನ ಗೇಟು ಇನ್ನೂ ದೂರವಿರುವಾಗಲೇ ಅವರ ಪಾದ ಮೆತ್ತಗೆ ಆಡಿತು. ಗಾಡಿ ಉರುಳಿಕೊಂಡು ಹೋಗಿ ಸುಮ್ಮನೆ ನಿಂತಿತು.